ರುಚಿಗೂ ಒಂದು ಊರಿದೆ

ಮಂಗಳೂರಿನ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಬರುವ ಪ್ರವಾಸಿಗರು ಕತ್ತೆತ್ತಿ ಅಲ್ಲಿನ ಚಿತ್ರಗಳನ್ನು ನೋಡುತ್ತಾರೆ. ಕತ್ತು ನೋಯತೊಡಗಿದ ಮೇಲೆ ಹೊರಗೆ ಬಂದು ಕೇಳುವುದು ಒಂದೇ ಪ್ರಶ್ನೆ: ‘ಇಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?’ ಆ ಚಿತ್ರಗಳಿಗೂ ಈ ಪ್ರಶ್ನೆಗೂ ಒಂದು ನಂಟಿದೆ.

1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಜೆಸ್ವಿತ್ ಪಾದ್ರಿಗಳು 1880ರಲ್ಲಿ ಇಲ್ಲಿ ಕಾಲೇಜು ತೆರೆದರು. ಸುಮಾರು 1900ರ ಹೊತ್ತಿಗೆ ಅದರ ಚಾಪೆಲ್‌ನ ಗೋಡೆಗಳಿಗೆ ಬಣ್ಣ ತುಂಬಿದವರು ಆಂತೋನಿಯೊ ಮೊಸ್ಕೇನಿ. ಉತ್ತರ ಇಟಲಿಯ ಬೆರ್ಗಾಮೊ ಪಟ್ಟಣದ ಸಮೀಪದ ಸ್ತೆಜ್ಜಾನೊ ಅವರ ಹುಟ್ಟೂರು.

ಇಟಲಿ ಎಂದೊಡನೆ ನಮಗೆ ನೆನಪಾಗುವುದು ಪಿಜ್ಜಾ. ಆದರೆ ಪಿಜ್ಜಾ ದಕ್ಷಿಣದ ನೇಪಲ್ಸ್ ನಗರದ್ದು. ಮೊಸ್ಕೇನಿಯವರ ಸೀಮೆಯ ಜನಸಾಮಾನ್ಯರ ಊಟ ‘ಪೊಲೆಂತಾ’. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಸುರಿದು, ಕೋಲಿನಿಂದ ಬಿಡದೆ ತಿರುವಿ ಮಾಡುವ ಮುದ್ದೆಯಿದು. ನಮ್ಮ ಬಯಲುಸೀಮೆಯ ರಾಗಿಮುದ್ದೆಯ ದಾಯಾದಿ ಎನ್ನಬಹುದು. ಸೊಪ್ಪು ಅರೆದು ಮಾಡುವ ‘ಪೆಸ್ತೊ’ಗೆ ಜಿನೋವಾ ಹೆಸರಾದರೆ, ಮಾಂಸದ ‘ರಗು’ವಿಗೆ ಬೊಲೊನ್ಯಾ. ಹಾಗಾಗಿ ಇಟಲಿಯ ಅಡುಗೆ ಎನ್ನುವುದಕ್ಕಿಂತ ಅಲ್ಲಿನ ಊರೂರುಗಳ ಅಡುಗೆ ಎನ್ನುವುದೇ ಸರಿ.

ನಮ್ಮ ಕರಾವಳಿಯ ಕತೆಯೂ ಬೇರೆಯಲ್ಲ. ದೂರದವರು ‘ಮಂಗಳೂರು ಊಟ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ತೆಳ್ಳಗಿನ ಗರಿಗರಿ ರೊಟ್ಟಿಯ ಮೇಲೆ ತೆಂಗಿನಹಾಲಿನ ಕೋಳಿಸಾರು ಸುರಿದು ತಿನ್ನುವ ಕೋರಿರೊಟ್ಟಿ ತುಳುವರ ಹೆಮ್ಮೆ. ಕೋಳಿಯ ತುಪ್ಪದ ರೋಸ್ಟ್‌ಗೆ ಕುಂದಾಪುರದ ಶೆಟ್ಟಿ ಲಂಚ್ ಹೋಮ್ ಪ್ರಸಿದ್ಧ. ಸಣ್ಣ, ಬಫಾತ್‌ಗಳ ರುಚಿ ನೋಡಬೇಕಾದರೆ ಕ್ರೈಸ್ತರ ಮನೆಯ ಮದುವೆಗೇ ಹೋಗಬೇಕು.

ಇಲ್ಲೊಂದು ಸೋಜಿಗವಿದೆ. ಬೆರ್ಗಾಮೊದವರ ಮೆಕ್ಕೆಜೋಳ ಅವರ ನೆಲದ ಬೆಳೆಯಲ್ಲ. ಅಮೆರಿಕ ಖಂಡದಿಂದ ಬಂದದ್ದು. ಅದೇ ಖಂಡದ ಮೆಣಸಿನಕಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಗೇರುಬೀಜವೂ ಅವರ ಜತೆ ಬಂದದ್ದೇ. ಅದಕ್ಕೆ ಮೊದಲು ಖಾರಕ್ಕೆ ನಮಗಿದ್ದದ್ದು ಮುಖ್ಯವಾಗಿ ಕಾಳುಮೆಣಸು. ಕರಾವಳಿಯಲ್ಲಿ ಅದು ಇಂದಿಗೂ ‘ಒಳ್ಳೆಮೆಣಸು’. ಈಗ ಕೋರಿರೊಟ್ಟಿಯ ಸಾರನ್ನು ಕೆಂಪಾಗಿಸುವ ಬ್ಯಾಡಗಿ ಮೆಣಸು ಬರುವುದೂ ಘಟ್ಟದ ಮೇಲಿನಿಂದ!

ಹಾಗಾದರೆ ಈ ಅಡುಗೆಗಳಲ್ಲಿ ‘ನಮ್ಮದು’ ಯಾವುದು? ಎಲ್ಲಿಂದಲೋ ಬಂದ ವಸ್ತುವನ್ನು ಇಲ್ಲಿನ ತೆಂಗು, ಕುಚ್ಚಲಕ್ಕಿ, ಹುಳಿಗಳೊಂದಿಗೆ ತಲೆಮಾರುಗಳ ಕಾಲ ಅರೆದು, ಬೇಯಿಸಿ ಪಳಗಿಸಿಕೊಂಡ ಕೈಗುಣವೇ ನಮ್ಮದು. ಆ ಕೈಗಳಿಗೆ ಊರಿನ ನೆಲ, ಮರ, ದುಡಿಮೆಗಳ ಆಸರೆ ಬೇಕು.

ಉಡುಪಿ ಜಿಲ್ಲೆಯ ಕಟಪಾಡಿ ಬಳಿಯ ಮಟ್ಟು ಗ್ರಾಮದ ಗುಳ್ಳವನ್ನೇ ನೋಡಿ. ಹಸಿರು ಬಣ್ಣದ ಈ ದುಂಡು ಬದನೆಯ ಬೀಜವನ್ನು ಸೋದೆ ಮಠದ ವಾದಿರಾಜರು ಕೊಟ್ಟರೆಂಬುದು ಜನರ ನಂಬಿಕೆ. ಬೀಜವನ್ನು ಬೇರೆಡೆ ಬಿತ್ತಿದರೂ ಮಟ್ಟುವಿನ ರುಚಿ ಬಾರದೆನ್ನುತ್ತಾರೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೇರೆ ಊರಿನ ಬದನೆಯನ್ನು ಮಟ್ಟು ಗುಳ್ಳವೆಂದು ಮಾರುವಂತಿಲ್ಲ. ಆದರೆ ಕಾನೂನು ಕಾಯುವುದು ಹೆಸರನ್ನು ಮಾತ್ರ. ಗದ್ದೆಗಿಳಿಯುವ ರೈತನಿಲ್ಲದಿದ್ದರೆ ಹೆಸರನ್ನು ಸಾರಿಗೆ ಹಾಕಲಾದೀತೇ?

ಸಣ್ಣದ ಸ್ಥಿತಿ ಇನ್ನೂ ನಾಜೂಕು. ಇಡ್ಲಿಯಂತೆ ಕಾಣುವ ಇದರ ಹಿಟ್ಟು ಹುಳಿಬಂದು ಉಬ್ಬಬೇಕಾದರೆ ತಾಜಾ ಕಳ್ಳು ಬೇಕು. ಕಳ್ಳಿಗೆ ಮರ ಹತ್ತುವ ಮೂರ್ತೆದಾರರು ಬೇಕು. ಅಪಾಯದ ಈ ಕಸುಬಿಗೆ ಹೊಸಬರು ಬರುವುದು ಅಪರೂಪ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದವರು ಯೀಸ್ಟ್ ಹಾಕಿ ಸಣ್ಣ ಮಾಡಿಕೊಳ್ಳುತ್ತಾರೆ. ಅದೂ ಉಬ್ಬುತ್ತದೆ, ಮೆತ್ತಗಿರುತ್ತದೆ. ಆದರೆ ಕಳ್ಳಿನ ಆ ಸಣ್ಣ ಹುಳಿ, ಘಮ ಅದಕ್ಕಿಲ್ಲ. ಈಗ ಮಂಗಳೂರಿನ ಮನೆಗಳಿಗೂ ಯೀಸ್ಟ್ ಬಂದಿದೆ.

ಅಡುಗೆಯ ಕ್ರಮವನ್ನು ಬರೆದಿಡಬಹುದು, ಪುಡಿಯನ್ನು ಪೊಟ್ಟಣ ಕಟ್ಟಿ ಕಳಿಸಬಹುದು. ಗದ್ದೆಯನ್ನೂ ಮರ ಹತ್ತುವ ಕಸುಬನ್ನೂ ಕಳಿಸಲಾಗದು. ರುಚಿಗಾಗಿ ಜನ ಊರಿಂದೂರಿಗೆ ಪಯಣಿಸುವುದು ಇದಕ್ಕಾಗಿಯೇ. ಬಂದವರಿಗೆ ಒಳ್ಳೆಯ ಊಟದ ದಾರಿ ತೋರಿಸುವ ನಾವು, ಅದನ್ನು ಬೆಳೆದವರ, ಇಳಿಸಿದವರ ದಾರಿಯನ್ನೂ ಒಮ್ಮೆ ನೋಡಿ ಬರುವುದು ಒಳ್ಳೆಯದು.