ಪ್ರಾಸುಕ ಮಾರ್ಗ: ಬೀದರ್ ಸೀಮೆಯ ಹೊಲದಾರಿಗಳು

ಕ್ರಿ.ಶ. 9ನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡ ನಾಡಿನ ಎಲ್ಲೆಯನ್ನು ದಕ್ಷಿಣದಲ್ಲಿ ಕಾವೇರಿ, ಉತ್ತರದಲ್ಲಿ ಗೋದಾವರಿ ಎಂದು ಗುರುತಿಸುತ್ತದೆ. ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್, ಭಾಲ್ಕಿ ಮತ್ತು ಔರಾದ್ ಆ ಗೋದಾವರಿಯ ಸೀಮೆಗೇ ಸೇರಿದವು. ಇಲ್ಲಿ ಹರಿಯುವ ಮಾಂಜ್ರಾ ಗೋದಾವರಿಯ ಉಪನದಿ. ಗ್ರಂಥದ ಹೆಸರಿನಲ್ಲಿರುವ 'ಮಾರ್ಗ' ಕಾವ್ಯದ ದಾರಿ. ಆದರೆ ಆ ನಾಡನ್ನು ಕಾಲಿನಿಂದ ಅಳೆದವರಿಗೆ ಮಾರ್ಗವೆಂದರೆ ಮಣ್ಣಿನ ದಾರಿಯೇ ಆಗಿತ್ತು. ಅಂಥ ದಾರಿಯನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಗೆ ಜೈನ ಆಚಾರಗ್ರಂಥಗಳಲ್ಲಿ ಖಚಿತವಾದ ಉತ್ತರವಿದೆ.

ದಿಗಂಬರ ಮುನಿಗಳ ಆಚಾರವನ್ನು ನಿರೂಪಿಸುವ ವಟ್ಟಕೇರಾಚಾರ್ಯರ ಪ್ರಾಕೃತ ಗ್ರಂಥ 'ಮೂಲಾಚಾರ'. ಅದರಲ್ಲಿ ಬರುವ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ, ಅಂದರೆ ನಡೆಯುವಾಗ ವಹಿಸಬೇಕಾದ ಎಚ್ಚರ. ಮುನಿಯು ಹಗಲಿನಲ್ಲಿ, ಸುಮಾರು ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ, ಪ್ರಾಸುಕವಾದ, ಎಂದರೆ ಜೀವಜಂತುಗಳಿಲ್ಲದ ದಾರಿಯಲ್ಲಿ ಸಾಗಬೇಕು. ದಾರಿ ಪ್ರಾಸುಕವಾಗುವುದು ಬಂಡಿ, ರಥಗಳು ಹಾದುಹೋಗಿದ್ದರೆ, ಆನೆ, ಒಂಟೆ, ದನಕರುಗಳು ತುಳಿದಿದ್ದರೆ, ಹೆಣ್ಣು ಗಂಡುಗಳು ನಡೆದಾಡಿದ್ದರೆ, ಬಿಸಿಲಿಗೆ ಕಾದಿದ್ದರೆ, ನೇಗಿಲಿನಂಥ ಸಾಧನಗಳಿಂದ ಮಗುಚಿದ್ದರೆ. ಅಹಿಂಸೆಗಾಗಿ ಹುಟ್ಟಿದ ಈ ಲಕ್ಷಣ ಬಯಲುಸೀಮೆಯ ಹೊಲದಾರಿಗೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಹಸಿರು ಹುಲ್ಲು ಮುನಿಗೆ ವರ್ಜ್ಯ. ಆದ್ದರಿಂದ ಅವನ ದಾರಿ ಹುಲ್ಲುಗಾವಲಿನ ನಡುವೆ ಹಾದರೂ ಹುಲ್ಲಿನ ಮೇಲಲ್ಲ, ಹುಲ್ಲು ಸವೆದ ಗೆರೆಯ ಮೇಲೆ.

ಬೀದರ್ ಸೀಮೆಯ ನೆಲವೂ ಇದೇ ನಿಯಮವನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. ಬೀದರ್ ನಗರ ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಅಂಚಿನಲ್ಲಿದೆ. ಹಳೆಯ ಪಟ್ಟಣದ ಕೋಟೆಗೋಡೆಯ ಒಂದು ಬಾಗಿಲಿಗೆ ತಲಘಾಟ್ ದರ್ವಾಜಾ ಎಂದು ಹೆಸರು. ಘಟ್ಟದ ಕೆಳಗಿನ ಸೀಮೆಗೆ ಇಳಿಯುವ ದಾರಿಯ ನೆನಪು ಆ ಹೆಸರಿನಲ್ಲಿಯೇ ಇದೆ. ಮೇಲಿನ ಕೆಂಪು ನೆಲದಲ್ಲಿ ಮಳೆ ನಿಂತ ಕೆಲವೇ ಗಂಟೆಗಳಲ್ಲಿ ನಡೆಯಬಹುದು. ಭಾಲ್ಕಿ, ಔರಾದ್ ಕಡೆಯ ಎರೆಭೂಮಿ ಹಾಗಲ್ಲ. ಅಲ್ಲಿ ಮಳೆಗಾಲದ ಕೆಸರು ಹೆಜ್ಜೆಯನ್ನೂ ಬಂಡಿಯ ಗಾಲಿಯನ್ನೂ ಹಿಡಿದಿಡುತ್ತದೆ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನೆಲಸುವುದು ಜೀವದಯೆಗಾಗಿ. ಎರೆಸೀಮೆಯ ಪಯಣಿಗರು ಅದೇ ತಿಂಗಳುಗಳಲ್ಲಿ ನಿಲ್ಲುತ್ತಿದ್ದುದು ನೆಲ ಬಿಡದಿದ್ದುದಕ್ಕಾಗಿ. ಕಾರ್ತಿಕದ ನಂತರ ದಾರಿ ಒಣಗುತ್ತದೆ. ಹಿಂಗಾರಿ ಜೋಳ, ಕಡಲೆಯ ಸುಗ್ಗಿ ಮುಗಿದ ಮೇಲೆ ಬಯಲು ಪೂರ್ತಿ ತೆರೆದುಕೊಳ್ಳುತ್ತದೆ.

ಈ ಬಯಲು ಇತಿಹಾಸದ ಅಂಚಿನಲ್ಲಿರಲಿಲ್ಲ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು; ಅದು ಭಾಲ್ಕಿಯ ವಾಯವ್ಯಕ್ಕಿರುವ ಇಂದಿನ ಲಾತೂರು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅವರ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ. ಅವರ ಕಾಲದ ಇನ್ನೊಂದು ಪ್ರಮುಖ ಪಟ್ಟಣ ಕಂಧಾರ ಈಗ ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯಲ್ಲಿದೆ. ನಕಾಶೆಯ ಮೇಲೆ ಮಳಖೇಡದಿಂದ ಕಂಧಾರಕ್ಕೆ ಗೆರೆ ಎಳೆದರೆ ಅದು ಬಹುತೇಕ ನೇರ ಉತ್ತರಕ್ಕೆ ಸಾಗಿ ಭಾಲ್ಕಿಯ ಸಮೀಪದಲ್ಲಿಯೇ ಹಾಯುತ್ತದೆ; ಉದ್ದ 200 ಕಿ.ಮೀ.ಗಿಂತ ಕಡಿಮೆ. ಗೆರೆ ದಾರಿಯಲ್ಲ. ಆದರೂ ಎರಡು ಪಟ್ಟಣಗಳ ನಡುವಣ ಸಂಚಾರಕ್ಕೆ ಈ ಹೊಲಗಳು ಹೊರಗಿದ್ದವೆಂದು ಭಾವಿಸುವುದು ಕಷ್ಟ. ಬೀದರ್ ಸಮೀಪದ ಕಮಠಾಣದ ಪಾರ್ಶ್ವನಾಥ ಬಸದಿಯಂಥ ನೆಲೆಗಳನ್ನು ಒಂಟಿ ಸ್ಮಾರಕಗಳಾಗಿ ನೋಡುವುದಕ್ಕಿಂತ ನಡೆದು ಬಂದವರ ತಂಗುದಾಣಗಳಾಗಿ ನೋಡಿದರೆ ಅವುಗಳ ಸ್ಥಾನ ಹೆಚ್ಚು ಅರ್ಥವಾಗುತ್ತದೆ.

ಇಂಥ ದಾರಿಗಳನ್ನು ಇಂದು ಹುಡುಕುವವರಿಗೆ ಮೊದಲ ಆಧಾರ ಗ್ರಾಮನಕಾಶೆ. ಅದರಲ್ಲಿ ಕಾಲುದಾರಿ ಒಂಟಿ ಚುಕ್ಕಿಗೆರೆಯಾಗಿಯೂ ಬಂಡಿದಾರಿ ಜೋಡಿ ಚುಕ್ಕಿಗೆರೆಯಾಗಿಯೂ ಕಾಣುತ್ತದೆ. ಎರಡನೆಯ ಆಧಾರ ಗಾಯರಾಣ, ಅಂದರೆ ಊರ ದನಗಳ ಮೇವಿಗೆಂದು ಬಿಟ್ಟ ಬಯಲು. ಊರಿನಿಂದ ಅಲ್ಲಿಗೆ ದನಗಳು ತುಳಿದ ದಾರಿ ಇದ್ದೇ ಇರುತ್ತದೆ. ಮೂರನೆಯದು ಹೊಲಗಳ ಬದುವಿನ ಬೇವಿನ ಮರ, ಹಳೆಯ ಬಾವಿ, ಊರ ಹೊರಗಿನ ಗುಡಿ. ಈ ಮೂರೂ ಒಂದೇ ಸಾಲಿಗೆ ಬಂದಲ್ಲಿ ಹಳೆಯ ದಾರಿಯೊಂದನ್ನು ಊಹಿಸಲು ಕಾರಣವಿದೆ.

ಆದರೆ ಆಧಾರಗಳು ಕರಗುತ್ತಿವೆ. ಗಾಯರಾಣ ಒತ್ತುವರಿಯಾಗುತ್ತದೆ, ಟ್ರ್ಯಾಕ್ಟರ್ ಬದುವನ್ನು ನುಂಗುತ್ತದೆ, ಎತ್ತಿನ ಬಂಡಿ ಮರೆಯಾದಂತೆ ಜೋಡಿ ಚುಕ್ಕಿಗೆರೆ ಕಾಗದದಲ್ಲಷ್ಟೇ ಉಳಿಯುತ್ತದೆ. 1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಅನ್ಯರ ಹೊಲದಲ್ಲಿ 20 ವರ್ಷ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕೆಂದು ನಡೆದವನಿಗೆ ದಾರಿಯ ಹಕ್ಕು ದೊರೆಯುತ್ತದೆ; 20 ವರ್ಷ ಸತತವಾಗಿ ಬಳಸದಿದ್ದರೆ ಅಂಥ ಹಕ್ಕು ಅಳಿಯಬಹುದು. ವಟ್ಟಕೇರರ ಪ್ರಾಕೃತ ಗಾಹೆಗಳಿಗೂ ವಸಾಹತು ಕಾಲದ ಈ ಕಾಯಿದೆಗೂ ಯಾವ ನಂಟೂ ಇಲ್ಲ. ಆದರೂ ಎರಡೂ ದಾರಿಯನ್ನು ನೆಲದ ಗುಣವೆಂದು ಬಗೆಯದೆ ನಡೆದವರ ಗುರುತೆಂದು ಬಗೆಯುತ್ತವೆ. ಶಾಸನವನ್ನು ಕಲ್ಲು ಕಾಪಾಡುತ್ತದೆ, ಗ್ರಂಥವನ್ನು ಓಲೆ ಕಾಪಾಡುತ್ತದೆ. ಹೊಲದಾರಿಗೆ ಅಂಥ ಆಸರೆ ಇಲ್ಲ. ಭಾಲ್ಕಿ, ಔರಾದ್‌ಗಳ ಚುಕ್ಕಿಗೆರೆಗಳನ್ನು ಅಧ್ಯಯನ ಮಾಡಬಯಸುವವರು ಸುಗ್ಗಿ ಮುಗಿದ ತಿಂಗಳುಗಳಲ್ಲಿ ನಕಾಶೆ ಹಿಡಿದು ಅವುಗಳ ಮೇಲೆ ನಡೆಯುವುದೇ ಒಂದು ಸಂಶೋಧನೆ, ಒಂದು ಸಂರಕ್ಷಣೆ.