ಲ್ಯಾಬಿರಿಂತ್ (1986ರ ಚಲನಚಿತ್ರ)

ಲ್ಯಾಬಿರಿಂತ್: ಅಮೆರಿಕದ ಬೊಂಬೆಯಾಟಗಾರ ಜಿಮ್ ಹೆನ್ಸನ್ ನಿರ್ದೇಶಿಸಿದ, ಜಾರ್ಜ್ ಲ್ಯೂಕಾಸ್ ಕಾರ್ಯನಿರ್ವಾಹಕ ನಿರ್ಮಾಪಕರಾಗಿದ್ದ ಅದ್ಭುತರಮ್ಯ ಸಾಹಸಚಿತ್ರ. ಅಳುವ ಮಲತಮ್ಮನನ್ನು ಕುಳ್ಳ ಪಿಶಾಚಿಗಳಾದ ಗಾಬ್ಲಿನ್‌ಗಳು ಹೊತ್ತೊಯ್ಯಲಿ ಎಂದು ಸಿಟ್ಟಿನಲ್ಲಿ ಅಂದುಬಿಟ್ಟ ಸಾರಾ ಎಂಬ ಹುಡುಗಿ, ಹದಿಮೂರು ಗಂಟೆಯೊಳಗೆ ಚಕ್ರವ್ಯೂಹವೊಂದನ್ನು ದಾಟಿ, ಗಾಬ್ಲಿನ್ ರಾಜ ಜಾರೆತ್‌ನ ಕೋಟೆಯಿಂದ ಮಗುವನ್ನು ಬಿಡಿಸಿ ತರುವುದು ಇದರ ಕಥೆ. ಸಾರಾಳಾಗಿ ಜೆನಿಫರ್ ಕಾನೆಲಿ, ಜಾರೆತ್ ಆಗಿ ಗಾಯಕ ಡೇವಿಡ್ ಬೋವಿ ನಟಿಸಿದ್ದಾರೆ. ಚಿತ್ರಮಂದಿರದಲ್ಲಿ ಸೋತಿತು, ವಿಡಿಯೊ ಕ್ಯಾಸೆಟ್‌ನಿಂದ ಬದುಕಿತು, ಬೋವಿಯಿಂದ ಉಳಿಯಿತು ಎಂದು ಮೂರು ಮಾತಿನಲ್ಲಿ ಇದರ ಚರಿತ್ರೆಯನ್ನು ಮುಗಿಸುವುದು ವಾಡಿಕೆ. ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರೂ ಅರ್ಧಸತ್ಯಗಳೇ. ಚಿತ್ರದ ದೋಷಕ್ಕೂ ದೀರ್ಘಾಯುಷ್ಯಕ್ಕೂ ಕಾರಣ ಒಂದೇ: ಮೊದಲು ಚಿತ್ರ ಬರೆದು, ಬೊಂಬೆ ಕಲ್ಪಿಸಿ, ಆಮೇಲೆ ಅವುಗಳ ಸುತ್ತ ಕಥೆ ಹೆಣೆದ ಅದರ ನಿರ್ಮಾಣ ಕ್ರಮ.

ಚಿತ್ರಕಥೆಯ ಪ್ರಶ್ನೆ

ಹೆನ್ಸನ್ ಮತ್ತು ಚಿತ್ರಕಲಾವಿದ ಬ್ರಯಾನ್ ಫ್ರೌಡ್ 1982ರ ‘ದಿ ಡಾರ್ಕ್ ಕ್ರಿಸ್ಟಲ್’ನಲ್ಲಿ ಜೊತೆಯಾಗಿ ದುಡಿದಿದ್ದರು. ಆ ಚಿತ್ರ ತೆರೆಕಂಡ ಹೊತ್ತಿಗೇ ಇದರ ಮಾತುಕತೆ ಶುರುವಾಯಿತು. ಕೆನಡಾದ ಕವಿ ಡೆನಿಸ್ ಲೀ ಕಥೆಯ ಹಂದರವನ್ನು ಬರೆದುಕೊಟ್ಟರು. ಅದರ ಮೇಲೆ ಚಿತ್ರಕಥೆ ರಚಿಸಿದವರು ಮಾಂಟಿ ಪೈಥಾನ್ ಹಾಸ್ಯತಂಡದ ಟೆರ್ರಿ ಜೋನ್ಸ್. ತೆರೆಯ ಮೇಲೆ ಚಿತ್ರಕಥೆಗಾರರೆಂದು ಕಾಣುವುದು ಅವರೊಬ್ಬರ ಹೆಸರೇ. ಗೊಂದಲ ಇರುವುದೂ ಇಲ್ಲಿಯೇ. 1983ರಿಂದ 1985ರ ನಡುವೆ ಕಥೆ ಮತ್ತೆಮತ್ತೆ ತಿದ್ದುಪಡಿಯಾಯಿತು. ಬರಹಗಾರ್ತಿಯರಾದ ಲಾರಾ ಫಿಲಿಪ್ಸ್, ಎಲೇನ್ ಮೇ, ನಿರ್ಮಾಪಕ ಲ್ಯೂಕಾಸ್ ಎಲ್ಲರೂ ಅದರಲ್ಲಿ ಕೈಯಾಡಿಸಿದರು. ಒಂದು ಹಂತದಲ್ಲಿ ನಾಯಕಿ ವಿಕ್ಟೋರಿಯಾ ರಾಣಿಯ ಕಾಲದವಳಾಗಿದ್ದಳು. ಕೊನೆಗೆ ಚಿತ್ರ ತಯಾರಾದ ಕಾಲದ ಅಮೆರಿಕದ ಹುಡುಗಿಯಾದಳು. ಫ್ರೌಡ್‌ರ ರೇಖಾಚಿತ್ರಗಳ ಕಟ್ಟನ್ನು ಮುಂದಿಟ್ಟುಕೊಂಡು ದೃಶ್ಯಗಳನ್ನು ಕಲ್ಪಿಸಿದ ಜೋನ್ಸ್, ಚಕ್ರವ್ಯೂಹದ ನಟ್ಟನಡುವೆ ಏನಿದೆ ಎಂಬುದು ಕೊನೆಯವರೆಗೂ ಪ್ರೇಕ್ಷಕರಿಗೆ ಕಾಣಬಾರದು ಎಂದಿದ್ದರು. ತನ್ನ ಹತ್ತಿರ ಯಾರೂ ಸುಳಿಯದಿರಲೆಂದು ವ್ಯೂಹ ಕಟ್ಟಿಕೊಂಡ, ಒಳಗೆ ಬೆಳೆಯದೇ ಉಳಿದ ಜೀವ ಅವರ ಜಾರೆತ್. ಬೋವಿ ಪಾತ್ರಕ್ಕೆ ಒಪ್ಪಿದ ಮೇಲೆ ಜಾರೆತ್‌ನನ್ನು ಮೊದಲಿನಿಂದಲೂ ತೋರಿಸಿ ಹಾಡಿಸುವುದು ಅನಿವಾರ್ಯವಾಯಿತು. ತೆರೆಗೆ ಬಂದದ್ದು ತಾವು ಬರೆದದ್ದಲ್ಲ ಎಂದು ಜೋನ್ಸ್ ಮುಂದೆ ಹೇಳಿದ್ದು ಇದೇ ಕಾರಣಕ್ಕೆ. ಆದರೆ ಬೋವಿಯನ್ನು ಹೊಣೆ ಮಾಡುವುದೂ ಸರಿಯಲ್ಲ. ತಿದ್ದುಪಡಿಗಳಲ್ಲಿ ಹಾಸ್ಯ ಬತ್ತಿಹೋಗಿದೆ ಎಂದು ಆಕ್ಷೇಪಿಸಿ, ಜೋನ್ಸ್‌ರನ್ನು ಮರಳಿ ಕರೆಸುವಂತೆ ಮಾಡಿದವರೂ ಅವರೇ. ಮಾರಿಸ್ ಸೆಂಡಾಕ್‌ರ 1981ರ ಮಕ್ಕಳ ಪುಸ್ತಕವೊಂದರಲ್ಲೂ ಗಾಬ್ಲಿನ್‌ಗಳು ಮಗುವನ್ನು ಕದ್ದೊಯ್ಯುತ್ತವೆ. ಅವರ ಕಡೆಯಿಂದ ತಕರಾರು ಬಂದಾಗ, ಚಿತ್ರದ ಕೊನೆಯ ಪಟ್ಟಿಯಲ್ಲಿ ಅವರ ಕೃತಿಗಳಿಗೆ ಋಣ ಸಲ್ಲಿಸಲಾಯಿತು. ಹೀಗೆ ಅನೇಕರ ಕೈದಾಟಿ ಬಂದ ಕಥೆಗೆ ಒಬ್ಬ ಕರ್ತೃವನ್ನು ಹುಡುಕುವುದೇ ತಪ್ಪು ಹಾದಿ.

ನಿರ್ಮಾಣ

ಚಿತ್ರೀಕರಣ 1985ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ ಆರಂಭವಾಯಿತು. ಕೆಲಸ ಹೇಗೆ ನಡೆಯಿತೆಂಬುದಕ್ಕೆ ಹಾಗಲ್ ಎಂಬ ಕುಬ್ಜನ ಪಾತ್ರವನ್ನು ನೋಡಬೇಕು. ಬೊಂಬೆಯುಡುಪಿನೊಳಗೆ ನಿಂತು ನಡೆದಾಡಿದವರು ಶಾರಿ ವೈಸರ್. ಮುಖದ ಚರ್ಮದಡಿ ಹದಿನೆಂಟು ಪುಟ್ಟ ಮೋಟರುಗಳಿದ್ದವು. ಕ್ಯಾಮೆರಾದ ಆಚೆ ನಿಂತು ರೇಡಿಯೊ ನಿಯಂತ್ರಣದಿಂದ ಒಬ್ಬರು ಹುಬ್ಬು, ಒಬ್ಬರು ಕಣ್ಣು ಎಂಬಂತೆ ಹಂಚಿಕೊಂಡು ಆಡಿಸುತ್ತಿದ್ದರು. ಬಾಯಿ ಆಡಿಸಿ ದನಿ ಕೊಟ್ಟವರು ನಿರ್ದೇಶಕರ ಮಗ ಬ್ರಯಾನ್ ಹೆನ್ಸನ್. ಒಂದು ನಿಟ್ಟುಸಿರು ಮೂಡಬೇಕಾದರೂ ಇಷ್ಟು ಜನ ಒಂದೇ ಕ್ಷಣಕ್ಕೆ ಒಂದಾಗಬೇಕಿತ್ತು. ಜಾರೆತ್‌ನ ಬೆರಳುಗಳ ಮೇಲೆ ಹರಿದಾಡುವ ಸ್ಫಟಿಕದ ಗೋಲಗಳದ್ದೂ ಇಂಥದೇ ಕಥೆ. ಕೈಚಳಕಗಾರ ಮೈಕೆಲ್ ಮೋಶನ್ ಬೋವಿಯ ಬೆನ್ನಹಿಂದೆ ಮುದುರಿ ಕೂತು, ಕಂಕುಳ ಸಂದಿನಿಂದ ತಮ್ಮ ತೋಳು ಚಾಚಿ, ಗೋಲ ಎಲ್ಲಿದೆಯೆಂದು ಕಾಣದೆಯೇ ಅದನ್ನು ಆಡಿಸಿದರು. ದೈತ್ಯ ಲೂಡೊನ ಭಾರದ ಉಡುಪನ್ನು ಸರದಿಯಲ್ಲಿ ಹೊತ್ತವರಲ್ಲಿ ಒಬ್ಬರು ರಾನ್ ಮ್ಯೂಕ್. ಅವರು ಮುಂದೆ ಶಿಲ್ಪಿಯಾಗಿ ವಿಶ್ವಖ್ಯಾತರಾದರು. ಆರಂಭದ ಶೀರ್ಷಿಕೆಯಲ್ಲಿ ಹಾರುವ ಗೂಬೆ ಮಾತ್ರ ಕಂಪ್ಯೂಟರ್ ಸೃಷ್ಟಿ. ನೈಜವಾಗಿ ಕಾಣುವ ಪ್ರಾಣಿಯನ್ನು ಚಲನಚಿತ್ರಕ್ಕಾಗಿ ಹಾಗೆ ರೂಪಿಸಿದ ಮೊದಲ ಯತ್ನಗಳಲ್ಲಿ ಅದನ್ನು ಎಣಿಸುತ್ತಾರೆ. ಐದು ಹಾಡುಗಳು ಬೋವಿಯವು, ಹಿನ್ನೆಲೆ ಸಂಗೀತ ಟ್ರೆವರ್ ಜೋನ್ಸ್‌ರದು.

ಬಿಡುಗಡೆ ಮತ್ತು ಲೆಕ್ಕ

ಚಿತ್ರ 1986ರ ಜೂನ್ 27ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಸುಮಾರು 2.5 ಕೋಟಿ ಡಾಲರ್ ವೆಚ್ಚದ ಚಿತ್ರ ಅಲ್ಲಿ ಗಳಿಸಿದ್ದು ಸುಮಾರು 1.3 ಕೋಟಿ. ‘ಸೋಲು’ ಎಂಬ ಮಾತು ನಿಂತಿರುವುದು ಈ ಅಂಕಿಯ ಮೇಲೆ. ಹೊರದೇಶಗಳದ್ದನ್ನೂ ಕೂಡಿದರೆ ಗಳಿಕೆ ವೆಚ್ಚವನ್ನು ಮೀರುತ್ತದೆ ಎಂದು ಈಚಿನ ಬರಹಗಳು ತಿದ್ದುತ್ತವೆ. ಅದು ಒಪ್ಪತಕ್ಕದ್ದೇ. ಆದರೂ ಚಿತ್ರಮಂದಿರಗಳ ಪಾಲು, ಪ್ರಚಾರದ ಖರ್ಚು ಕಳೆದರೆ ನಿರ್ಮಾಪಕರಿಗೆ ಲಾಭವಾಯಿತೆಂದು ಅದರಿಂದ ಸಾಧಿಸಲಾಗದು. ರೋಜರ್ ಈಬರ್ಟ್ ಸೇರಿದಂತೆ ಹಲವು ವಿಮರ್ಶಕರು ಘಟನೆಗಳಿಗೆ ಒಂದಕ್ಕೊಂದು ಬಿಗಿಯಾದ ಸಂಬಂಧವಿಲ್ಲ ಎಂದರು. ನಿರ್ಮಾಣ ಕ್ರಮವನ್ನು ಬಲ್ಲವರಿಗೆ ಈ ಟೀಕೆ ನ್ಯಾಯವೆಂದೇ ತೋರಬೇಕು: ದೃಶ್ಯಗಳು ಹುಟ್ಟಿದ್ದೇ ಬಿಡಿಬಿಡಿ ಚಿತ್ರಗಳಿಂದ. ಹೆನ್ಸನ್ ಮತ್ತೊಂದು ಚಲನಚಿತ್ರವನ್ನು ನಿರ್ದೇಶಿಸಲಿಲ್ಲ. 1990ರ ಮೇ 16ರಂದು, 53ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನಂತರದ ಪ್ರಭಾವ

ಕ್ಯಾಸೆಟ್ ಮತ್ತು ಟಿವಿ ಇಲ್ಲದಿದ್ದರೆ ಈ ಚಿತ್ರ ಹೊಸ ತಲೆಮಾರಿಗೆ ತಲುಪುತ್ತಿರಲಿಲ್ಲ, ನಿಜ. ಆದರೆ ಆ ದಶಕದ ಹತ್ತಾರು ಅದ್ಭುತರಮ್ಯ ಚಿತ್ರಗಳು ಅದೇ ಬಾಡಿಗೆ ಅಂಗಡಿಯ ಕಪಾಟಿನಲ್ಲಿದ್ದವು. ಎಲ್ಲಕ್ಕೂ ಈ ಭಾಗ್ಯ ಬರಲಿಲ್ಲ. ಕ್ಯಾಸೆಟ್ ಅವಕಾಶ ಕೊಟ್ಟಿತು, ಆಯ್ಕೆ ಮಾಡಲಿಲ್ಲ. ಬೋವಿಯೇ ಕಾರಣ ಎನ್ನುವವರ ವಾದ ಇನ್ನೂ ಬಲವಾದದ್ದು. ಜಾರೆತ್ ಮತ್ತು ಸಾರಾ ನಡುವಿನ ಸೆಳೆತ ಬಿಡುಗಡೆಯ ಕಾಲಕ್ಕೆ ಮಕ್ಕಳಾಗಿದ್ದವರನ್ನು ದೊಡ್ಡವರಾದ ಮೇಲೂ ಹಿಂದಕ್ಕೆ ಕರೆದಿದೆ. ಚಿತ್ರದ ಮುಖವಾಡ ನೃತ್ಯದಿಂದ ಪ್ರೇರಿತವಾದ ಉತ್ಸವಗಳು ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತಿವೆ. 2016ರ ಜನವರಿಯಲ್ಲಿ ಬೋವಿ ತೀರಿಕೊಂಡ ಬಳಿಕ ಚಿತ್ರದತ್ತ ಜನರ ಗಮನ ಹೆಚ್ಚಿತು. ಅದೇ ವರ್ಷ ಮೂವತ್ತನೆಯ ವಾರ್ಷಿಕೋತ್ಸವಕ್ಕಾಗಿ ಅಮೆರಿಕದ ಚಿತ್ರಮಂದಿರಗಳಿಗೆ ಅದು ಮರಳಿತು. ಇಷ್ಟಾದರೂ ಈ ವಾದ ಒಂದು ಕಡೆ ಮುಗ್ಗರಿಸುತ್ತದೆ. ‘ದಿ ಡಾರ್ಕ್ ಕ್ರಿಸ್ಟಲ್’ನಲ್ಲಿ ಬೋವಿ ಇಲ್ಲ, ತೆರೆಯ ಮೇಲೆ ಮನುಷ್ಯ ಪಾತ್ರವೇ ಇಲ್ಲ, ಆದರೂ ಅದು ಉಳಿದು, 2019ರಲ್ಲಿ ಸರಣಿಯಾಗಿ ಮುಂದುವರಿಯಿತು. ಎರಡಕ್ಕೂ ಸಮಾನವಾದದ್ದು ಫ್ರೌಡ್‌ರ ರೇಖೆ ಮತ್ತು ಹೆನ್ಸನ್ ಕಾರ್ಯಾಗಾರದ ಕುಶಲತೆ. ಇದರಲ್ಲಿ ಕದ್ದೊಯ್ಯಲ್ಪಟ್ಟ ಮಗುವಾಗಿ ಕಾಣಿಸಿಕೊಂಡ ಫ್ರೌಡ್‌ರ ಮಗ ಟೋಬಿ, ಬೆಳೆದು ಬೊಂಬೆ ತಯಾರಕರಾಗಿ ಆ ಸರಣಿಯಲ್ಲೇ ದುಡಿದರು. ಪ್ರಯಾಣದಲ್ಲಿ ಕಳೆದುಹೋದ ಹಾಗಲ್ ಬೊಂಬೆ ಅಲಬಾಮದ ಸ್ಕಾಟ್ಸ್‌ಬರೊದಲ್ಲಿ ವಾರಸುದಾರರಿಲ್ಲದ ಸಾಮಾನು ಮಾರುವ ಅಂಗಡಿಗೆ ಸೇರಿತು. ಅಲ್ಲಿ ಅದನ್ನು ದುರಸ್ತಿ ಮಾಡಿಸಿ ಪ್ರದರ್ಶನಕ್ಕಿಟ್ಟರು. ನೋಡಲೆಂದೇ ಜನ ಬರುತ್ತಾರೆ. 1986ರಲ್ಲಿ ಸಡಿಲವೆನಿಸಿದ ಬಿಡಿ ದೃಶ್ಯಗಳೇ, ಒಂದೊಂದಾಗಿ ನೆನೆಯಲು, ವೇಷ ಕಟ್ಟಲು, ಮತ್ತೆ ಚಿತ್ರಿಸಲು ಅಭಿಮಾನಿಗಳಿಗೆ ಒದಗಿಬಂದವು. ಆದ್ದರಿಂದ ಈ ಚಿತ್ರದ ಚರಿತ್ರೆಯಲ್ಲಿ ನಿರ್ದೇಶಕ ಮತ್ತು ತಾರೆಯ ಹೆಸರಿನಷ್ಟೇ ಮುಂದೆ ವೈಸರ್, ಮೋಶನ್, ಮ್ಯೂಕ್ ಅಂಥವರ ಹೆಸರೂ ನಿಲ್ಲಬೇಕು. ಪ್ರೇಕ್ಷಕರು ಮರಳಿ ಮರಳಿ ನೋಡುತ್ತಿರುವುದು ಅವರ ಕೈಕೆಲಸವನ್ನೇ.