ರಾಣಿ ಛಾಪಿನ ಅಂಚೆಚೀಟಿಗಳು

ನಮ್ಮ ಹಿರಿಯರು ಕಾಗದ ಬರೆಯುವಾಗ ಇಸವಿಯ ಕಡೆಗೆ ಅಷ್ಟಾಗಿ ಗಮನ ಕೊಡುತ್ತಿರಲಿಲ್ಲ. ಮಾಸ, ಪಕ್ಷ, ತಿಥಿಗಳನ್ನು ನಮೂದಿಸುವರು. ಕೆಲವರು ಸಂವತ್ಸರದ ಹೆಸರನ್ನೂ ಸೇರಿಸುವರು. ಆದರೆ ಸಂವತ್ಸರವೆಂಬುದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವಂಥದು. ಸಾಲದುದಕ್ಕೆ, ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಹೀಗಾಗಿ ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ಕಾಗದವೊಂದು ಯಾವ ತಲೆಮಾರಿನದು ಎಂಬ ಪ್ರಶ್ನೆಗೆ ಒಕ್ಕಣೆಯೊಳಗೆ ಅನೇಕ ವೇಳೆ ಉತ್ತರ ದೊರೆಯದು. ಅಂಥ ಸಂದರ್ಭದಲ್ಲಿ ಸಾಕ್ಷಿ ನುಡಿಯಬಲ್ಲದ್ದು ಅದರ ಮೇಲೆ ಅಂಟಿಸಿದ ಅಂಚೆಚೀಟಿ.

ನಮ್ಮ ಸೀಮೆಯ ಹಿರಿಯರು ಅಂಚೆಗೆ ‘ಟಪ್ಪಾಲು’ ಎನ್ನುತ್ತಿದ್ದರು. ಕೊಡಗಿನ ಅರಸರ ಅಧೀನದಲ್ಲಿದ್ದ ಅಮರಸುಳ್ಯದ ಭಾಗ 1834ರಲ್ಲಿ ಕಂಪೆನಿ ಸರಕಾರದ ವಶವಾಗಿ ಕೆನರಾ ಜಿಲ್ಲೆಗೆ ಸೇರಿತು. ಇಲ್ಲಿನ ರೈತರು ಬಂಡೆದ್ದು ಮಂಗಳೂರಿನವರೆಗೆ ಸಾಗಿದ ಆ 1837ರಲ್ಲೇ, ಕಾಗದ ಸಾಗಿಸುವ ಹಕ್ಕೆಲ್ಲ ತನಗೇ ಸೇರಿದ್ದೆಂದು ಕಂಪೆನಿ ಕಾಯಿದೆ ಮಾಡಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. ಆದ್ದರಿಂದ ನೆರೆಯ ಮೈಸೂರಿನ ರಾಜ್ಯದ ಅಂಚೆ 1889ರವರೆಗೆ ತನ್ನದೇ ರೀತಿಯಲ್ಲಿ ನಡೆದರೂ, ನಮ್ಮ ಕಾಗದಗಳ ಮೇಲೆ ಕಾಣುವುದು ಬ್ರಿಟಿಷ್ ಇಂಡಿಯಾದ ಚೀಟಿಗಳು, ಎಂದರೆ ವಿಕ್ಟೋರಿಯಾ ರಾಣಿಯ ಮುಖ.

ಇಡೀ ದೇಶಕ್ಕೆ ಅನ್ವಯಿಸುವ ಅಂಚೆಚೀಟಿಗಳು ಬಳಕೆಗೆ ಬಂದದ್ದು 1854ರ ಅಕ್ಟೋಬರ್ 1ರಂದು. ಕಾಲು ತೊಲ ತೂಕದ ಕಾಗದಕ್ಕೆ, ದೂರ ಎಷ್ಟೇ ಇರಲಿ, ಅರ್ಧಾಣೆ. ಕಲ್ಕತ್ತೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ ಆ ಮೊದಲ ಚೀಟಿಗಳಿಗೆ ರಂಧ್ರದ ಅಂಚಿರಲಿಲ್ಲ, ಕತ್ತರಿಯಿಂದಲೇ ಬಿಡಿಸಬೇಕಿತ್ತು. ಮುಂದಿನ ವರ್ಷದಿಂದ ಲಂಡನ್ನಿನ ಡಿ ಲಾ ರೂ ಸಂಸ್ಥೆಯ ಮುದ್ರಣ ಆರಂಭವಾಯಿತು. ಅಲ್ಲಿಂದ 1901ರಲ್ಲಿ ರಾಣಿ ತೀರಿಕೊಳ್ಳುವವರೆಗೂ ಸಾಮಾನ್ಯ ಬಳಕೆಯ ಚೀಟಿಗಳ ಮೇಲಿನ ಮುಖ ಹೆಚ್ಚುಕಡಿಮೆ ಒಂದೇ. ಪ್ರಾಯ ಎಂಬತ್ತು ದಾಟಿದರೂ ಆ ಚೀಟಿಗಳಲ್ಲಿ ಆಕೆ ತರುಣಿಯೇ! ಮುಖ ನೋಡಿ ಕಾಲ ಹೇಳಲಾಗದು. ಬೇರೆ ಗುರುತುಗಳನ್ನು ಹುಡುಕಬೇಕು.

ಮೊದಲನೆಯ ಗುರುತು ಅಕ್ಷರ. 1858ರಲ್ಲಿ ಕಂಪೆನಿಯ ಆಡಳಿತ ಮುಗಿದರೂ ಚೀಟಿಗಳ ಮೇಲೆ ‘ಈಸ್ಟ್ ಇಂಡಿಯಾ ಪೋಸ್ಟೇಜ್’ ಎಂಬ ಬರಹ ಹಾಗೆಯೇ ಮುಂದುವರಿಯಿತು. 1882ರಿಂದ ಹೊರಬಂದ ಹೊಸ ಮಾಲಿಕೆಯಲ್ಲಿ ‘ಈಸ್ಟ್’ ಎಂಬುದು ಕಳಚಿ, ‘ಇಂಡಿಯಾ ಪೋಸ್ಟೇಜ್’ ಎಂದಷ್ಟೇ ಉಳಿಯಿತು.

ಎರಡನೆಯದು ಕಾಗದದೊಳಗಿನ ಜಲಚಿಹ್ನೆ. 1865ರಿಂದ ಆನೆಯ ತಲೆ, 1882ರ ಮಾಲಿಕೆಯಿಂದ ನಕ್ಷತ್ರ. ಮಡಿಸಿ ಕಳಿಸಿದ ಕಾಗದವಾದರೆ ಹಾಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದಾಗ ಇದು ಕೆಲವೊಮ್ಮೆ ಕಾಣುತ್ತದೆ.

ಮೂರನೆಯದು ಅಚ್ಚಿನ ಸೂಕ್ಷ್ಮ. ನೀಲಿ ಬಣ್ಣದ ಅರ್ಧಾಣೆಯನ್ನೇ ತೆಗೆದುಕೊಳ್ಳಿ. ಮೊದಲ ಅಚ್ಚಿನಲ್ಲಿ ರಾಣಿಯ ಬಾಯಿ ಮುಚ್ಚಿದೆ, ಗಲ್ಲ ಚೂಪು. 1873ರ ಎರಡನೆಯ ಅಚ್ಚಿನಲ್ಲಿ ತುಟಿ ತುಸು ತೆರೆದಿದೆ, ಗಲ್ಲ ದುಂಡಗಿದೆ. ಭೂತಗನ್ನಡಿಯೊಂದಿದ್ದರೆ ಸಾಕು.

ಕೊನೆಯದು ಬಣ್ಣ. ಅರ್ಧಾಣೆ 1883ರಲ್ಲಿ ನೀಲಿಯಿಂದ ನೀಲಿಹಸಿರಿಗೆ ತಿರುಗಿತು, 1900ರಲ್ಲಿ ತಿಳಿ ಹಳದಿಹಸಿರಾಯಿತು. ಅದೇ 1900ರಲ್ಲಿ ಒಂದಾಣೆ ಕಂದುನೇರಳೆಯಿಂದ ಕೆಂಪಿಗೂ ಎರಡೂವರೆ ಆಣೆ ಹಸಿರಿನಿಂದ ನೀಲಿಗೂ ಬದಲಾದವು. ಆದರೆ ನಮ್ಮ ಮಳೆಗಾಲದ ತೇವ ತಗಲಿದ ಬಣ್ಣವನ್ನು ಮಾತ್ರ ನಂಬಿ ತೀರ್ಮಾನಿಸಬಾರದು.

ಈ ಬಗೆಯ ಪರೀಕ್ಷೆ ನಮ್ಮ ದೇಶದ ಚೀಟಿಗಳಿಗೆ ಮಾತ್ರ ಸೀಮಿತವಲ್ಲ. ಶಾಲೆಯಲ್ಲಿ ಅಂಚೆಚೀಟಿ ಸಂಗ್ರಹದ ಹವ್ಯಾಸವಿದ್ದ ಮಕ್ಕಳಿಗೆ ನಾನು ಹೇಳುತ್ತಿದ್ದ ಉದಾಹರಣೆ ಅಮೆರಿಕದ್ದು. ಅಲ್ಲಿ 1870ರಲ್ಲಿ ನ್ಯಾಷನಲ್ ಬ್ಯಾಂಕ್ ನೋಟ್ ಕಂಪೆನಿ ಮುದ್ರಿಸಿದ ಚೀಟಿಗಳ ಗುತ್ತಿಗೆ 1873ರಲ್ಲಿ ಕಾಂಟಿನೆಂಟಲ್ ಕಂಪೆನಿಗೆ ಹೋಯಿತು. ಚಿತ್ರ ಅದೇ, ಆದರೆ ಹಲವು ಚೀಟಿಗಳಲ್ಲಿ ಹೊಸಬರು ಒಂದೊಂದು ಗುಟ್ಟಿನ ಗುರುತು ಸೇರಿಸಿದರು. ಫ್ರಾಂಕ್ಲಿನ್ ಮುಖದ ಒಂದು ಸೆಂಟಿನ ಚೀಟಿಯಲ್ಲಿ, 1 ಎಂಬ ಅಂಕೆಯ ಎಡಬದಿಯ ಪುಟ್ಟ ಮುತ್ತಿನೊಳಗೆ ಅರ್ಧಚಂದ್ರದಂಥ ಗೆರೆ ಇದ್ದರೆ ಅದು 1873ರ ನಂತರದ್ದು. 1894ರಲ್ಲಿ ಸರಕಾರಿ ಮುದ್ರಣಾಲಯವೇ ಕೆಲಸ ವಹಿಸಿಕೊಂಡಾಗ ವಾಷಿಂಗ್ಟನ್ ಮುಖದ ಎರಡು ಸೆಂಟಿನ ಚೀಟಿಯ ಮೇಲಿನ ಮೂಲೆಗಳಲ್ಲಿ ತ್ರಿಕೋನಗಳು ಬಂದವು. ಮರುವರ್ಷ ಕಾಗದಕ್ಕೆ ಜಲಚಿಹ್ನೆಯೂ ಬಂತು. 1898ರಲ್ಲಿ ಒಂದು ಸೆಂಟು ನೀಲಿಯಿಂದ ಹಸಿರಿಗೂ ಐದು ಸೆಂಟು ಕಂದಿನಿಂದ ನೀಲಿಗೂ ಬದಲಾದವು. ನಮ್ಮ 1900ರ ಬಣ್ಣಗಳೂ ಇವೂ ಅನುಸರಿಸಿದ್ದು ವಿಶ್ವ ಅಂಚೆ ಒಕ್ಕೂಟದ ಒಂದೇ ನಿಯಮವನ್ನು: ಮುದ್ರಿತ ಕಾಗದಕ್ಕೆ ಹಸಿರು, ಕಾರ್ಡಿಗೆ ಕೆಂಪು, ವಿದೇಶದ ಪತ್ರಕ್ಕೆ ನೀಲಿ.

ಇದರಿಂದ ನಮಗೇನು ಪ್ರಯೋಜನ ಎಂದು ಕೇಳುವವರಿಗಾಗಿ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಸುಳ್ಯದ ಕಡೆಯ ಒಂದು ಕೃಷಿಕ ಮನೆತನದವರು ಎರಡು ಕಾಗದಗಳನ್ನು ತಂದರು. ಎರಡರಲ್ಲಿಯೂ ತಿಥಿಯಿತ್ತು, ಸಂವತ್ಸರವಿರಲಿಲ್ಲ. ಎರಡಕ್ಕೂ ಒಂದೇ ಹೆಸರಿನ ಒಪ್ಪ. ಆ ಹೆಸರಿನವರು ಮನೆಯಲ್ಲಿ ಇಬ್ಬರು, ಅಜ್ಜ ಮತ್ತು ಮೊಮ್ಮಗ. ಒಕ್ಕಣೆ ಬರೆದ ಕೈ ಬೇರೆಯವರದಾದ್ದರಿಂದ ಅಕ್ಷರದಿಂದ ತಿಳಿಯುವಂತಿರಲಿಲ್ಲ. ಅಜ್ಜ ತೀರಿಕೊಂಡದ್ದು ಧಾತು ಸಂವತ್ಸರದಲ್ಲಿ, ಎಂದರೆ 1876–77ರಲ್ಲಿ, ಎಂಬುದು ಮಾತ್ರ ಮನೆಯವರಿಗೆ ಖಚಿತವಾಗಿತ್ತು.

ಮೊದಲ ಕಾಗದ ಅಡಿಕೆ ತೋಟ ಎಬ್ಬಿಸಲು ಸಾಲ ಎತ್ತಿದ ವಿಚಾರ. ಅದರ ಮೇಲಿದ್ದ ಅರ್ಧಾಣೆ ಚೀಟಿ ನೀಲಿಯಾಗಿ ಕಾಣುತ್ತಿದ್ದುದರಿಂದ, ಯಾರೋ ಹೇಳಿದ್ದನ್ನು ನಂಬಿ, ತೋಟ ಅಜ್ಜನದೇ ಎಂದು ಅವರು ತಿಳಿದಿದ್ದರು. ಭೂತಗನ್ನಡಿ ಹಿಡಿದರೆ ‘ಈಸ್ಟ್’ ಇಲ್ಲ. ಬೆಳಕಿಗೆ ಹಿಡಿದರೆ ನಕ್ಷತ್ರ. ಎಂದರೆ ನೀಲಿಹಸಿರಿನ ಚೀಟಿ ಮಾಸಿತ್ತು, ಅಷ್ಟೆ. ಕಾಗದ 1883ಕ್ಕಿಂತ ಹಿಂದಿನದಲ್ಲ. ತೋಟ ಎಬ್ಬಿಸಿದವರು ಮೊಮ್ಮಗ.

ಎರಡನೆಯ ಕಾಗದ ಗಂಡನನ್ನು ಕಳೆದುಕೊಂಡ ತಂಗಿಯೊಬ್ಬಳನ್ನು ತವರಿಗೆ ಕರೆತರುವ ಬಗ್ಗೆ. ಆಕೆಯ ಹೆಸರು ಅದರಲ್ಲಿಲ್ಲ. ಮನೆಯ ವಂಶಾವಳಿಯಲ್ಲಿಯೂ ಅಂಥವಳೊಬ್ಬಳು ಇಲ್ಲ. ಅಜ್ಜನ ತಂಗಿಯೋ, ಮೊಮ್ಮಗನ ತಂಗಿಯೋ? ಚೀಟಿಯಿದ್ದ ಜಾಗದಲ್ಲಿ ಚೌಕಾಕಾರದ ತೂತು. ಹಿಂದೆಂದೋ ಮನೆಯ ಹುಡುಗನೊಬ್ಬ ಆಲ್ಬಮಿಗಾಗಿ ಕತ್ತರಿಸಿದ್ದನಂತೆ. ಚೀಟಿಯೊಡನೆ ಮೊಹರೂ ಹೋಗಿತ್ತು. ಆಲ್ಬಮು ಗೆದ್ದಲಿನ ಪಾಲಾಗಿತ್ತು. ಆ ಹೆಣ್ಣುಮಗಳನ್ನು ಯಾವ ತಲೆಮಾರಿಗೆ ಸೇರಿಸಬೇಕೆಂದು ಇಂದಿಗೂ ತಿಳಿದಿಲ್ಲ.

ಒಂದು ಎಚ್ಚರಿಕೆ. ಚೀಟಿ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದನ್ನು ಮಾತ್ರ. ಪೆಟ್ಟಿಗೆಯಲ್ಲಿ ಉಳಿದ ಹಳೆಯ ಚೀಟಿಯನ್ನು ಎಷ್ಟೋ ವರ್ಷಗಳ ಬಳಿಕ ಅಂಟಿಸಿರಲೂಬಹುದು. ಆದ್ದರಿಂದ ಮೊಹರಿನ ತಾರೀಕು ಓದಲು ಸಿಕ್ಕರೆ ಅದಕ್ಕೇ ಹೆಚ್ಚಿನ ಬೆಲೆ. ರಾಣಿಯ ಅರ್ಧಾಣೆ ಚೀಟಿ ಲಕ್ಷಗಟ್ಟಲೆ ಅಚ್ಚಾದ ವಸ್ತು, ಮಾರಿದರೆ ಹೆಚ್ಚೇನೂ ಹುಟ್ಟದು. ತನ್ನ ಕಾಗದದ ಮೇಲೆ, ತನ್ನ ಮೊಹರಿನಡಿ ಕುಳಿತಿರುವಾಗಲೇ ಅದು ಚರಿತ್ರೆ.

ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯ ಹಳೆಯ ಕಾಗದಗಳು ಕೈಗೆ ಬಂದಾಗ ಚೀಟಿಯನ್ನು ಕತ್ತರಿಸಬೇಡಿ, ನೀರಿನಲ್ಲಿ ನೆನೆಸಬೇಡಿ. ಎರಡೂ ಬದಿಯ ಭಾವಚಿತ್ರ ತೆಗೆದಿಟ್ಟು, ಯಾವ ಕಟ್ಟಿನಲ್ಲಿ ಸಿಕ್ಕಿತೆಂದು ಬೇರೊಂದು ಚೀಟಿಯಲ್ಲಿ ಬರೆದು, ತೇವ ತಾಗದ ಕಡೆ ಇಡಿ. ಬರೆಯುವಾಗ ಇಸವಿಯನ್ನೂ ಹಾಕಿ.